ಎಂಎಲ್ಎ, ಮಂತ್ರಿ ಆಗಿದ್ದೋರು ಜಡ್ಜ್ ಆಗ್ಬಹುದಾ? (ಕೃಷ್ಣ ಅಯ್ಯರ್ ಬಗ್ಗೆ)

ಲಾ ಸ್ಟೂಡೆಂಟ್, ಮೈಸೂರು:
ಎಲ್ರಿಗೂ ನಮಸ್ಕಾರ. ನಂದು ಎಲ್ಎಲ್‌ಬಿ ಎರಡನೇ ವರ್ಷ. ಮೊನ್ನೆ ಕ್ಲಾಸಲ್ಲಿ ಜಾಮೀನಿನ ಪಾಠ ಮಾಡ್ತಾ ನಮ್ಮ ಮೇಷ್ಟ್ರು ಜಸ್ಟಿಸ್ ವಿ.ಆರ್. ಕೃಷ್ಣ ಅಯ್ಯರ್ ವಿಷಯ ತೆಗೆದ್ರು. ಅವ್ರು ಮೊದ್ಲು ಎಂಎಲ್ಎ ಆಗಿದ್ರು, ಕೇರಳದಲ್ಲಿ ಇಎಂಎಸ್ ನಂಬೂದಿರಿಪಾಡ್ ಅವರ ಕಮ್ಯುನಿಸ್ಟ್ ಸರ್ಕಾರದಲ್ಲಿ ಮಂತ್ರಿನೂ ಆಗಿದ್ರು ಅಂತ ಕೇಳಿ ಆಶ್ಚರ್ಯ ಆಯ್ತು. ವೋಟು ಕೇಳ್ಕೊಂಡು ಊರೂರು ತಿರುಗಿದೋರು ಸುಪ್ರೀಂ ಕೋರ್ಟಲ್ಲಿ ಕೂರೋಕೆ ಸಂವಿಧಾನದಲ್ಲಿ ಅಡ್ಡಿ ಇಲ್ವಾ? ಅಡ್ಡಿ ಇಲ್ಲ ಅಂದ್ರೂ ಜನ ಅಂಥೋರ ತೀರ್ಪನ್ನ ಹೇಗೆ ನಂಬೋದು?

ವಕೀಲ, ಮಂಗಳೂರು:
ಅಡ್ಡಿ ಏನೂ ಇಲ್ಲ ತಮ್ಮಾ. ಸಂವಿಧಾನದ 217ನೇ ವಿಧಿ ಓದು, ಹೈಕೋರ್ಟ್ ಜಡ್ಜ್ ಆಗೋಕೆ ಹೈಕೋರ್ಟಲ್ಲಿ ಹತ್ತು ವರ್ಷ ವಕೀಲಿಕೆ ಮಾಡಿರ್ಬೇಕು ಇಲ್ಲಾ ಹತ್ತು ವರ್ಷ ನ್ಯಾಯಾಂಗದ ಹುದ್ದೆಯಲ್ಲಿ ಇರ್ಬೇಕು, ಅಷ್ಟೇ. ಹಿಂದೆ ಯಾವ ಪಕ್ಷದಲ್ಲಿದ್ದೆ ಅನ್ನೋ ಪ್ರಶ್ನೆ ಅಲ್ಲಿ ಬರೋದೇ ಇಲ್ಲ.

ಅಯ್ಯರ್ ಹುಟ್ಟಿದ್ದು ಪಾಲಕ್ಕಾಡ್ ಕಡೆ, ವಕೀಲಿಕೆ ಮಾಡಿದ್ದು ತಲಶ್ಶೇರಿಯಲ್ಲಿ. ರೈತರು, ಕಾರ್ಮಿಕರು, ಕಮ್ಯುನಿಸ್ಟರ ಕೇಸು ಹಿಡೀತಾ ಇದ್ರು, ಅದೇ ಕಾರಣಕ್ಕೆ 1948ರಲ್ಲಿ ಅವರನ್ನೇ ಜೈಲಿಗೆ ಹಾಕಿದ್ರು. 1952ರಲ್ಲಿ ಮದ್ರಾಸ್ ವಿಧಾನಸಭೆಗೆ ಗೆದ್ರು, 1957ರಲ್ಲಿ ಕಮ್ಯುನಿಸ್ಟರ ಬೆಂಬಲದಿಂದ ಪಕ್ಷೇತರರಾಗಿ ತಲಶ್ಶೇರಿಯಿಂದ ಕೇರಳ ವಿಧಾನಸಭೆಗೆ ಬಂದು ಮಂತ್ರಿ ಆದ್ರು. ಕಾನೂನು, ಗೃಹ, ಜೈಲು, ನೀರಾವರಿ, ವಿದ್ಯುತ್ ಎಲ್ಲಾ ಅವರ ಹತ್ರನೇ. ಜೈಲು ಖಾತೆ ಅನ್ನೋದನ್ನ ಗುರುತು ಹಾಕ್ಕೊ, ಯಾಕಂದ್ರೆ ಕೈದಿಯಾಗಿ ಒಳಗೆ ಇದ್ದು ಬಂದೋರು, ಮಂತ್ರಿಯಾಗಿ ಅದೇ ಜೈಲುಗಳನ್ನ ನಡೆಸಿದೋರು, ಆಮೇಲೆ ಜಡ್ಜ್ ಆಗಿ ಸುನಿಲ್ ಬಾತ್ರಾ ಕೇಸಲ್ಲಿ ತಿಹಾರ್ ಜೈಲಿಂದ ಬಂದ ಒಂದು ಪತ್ರವನ್ನೇ ಅರ್ಜಿ ಅಂತ ತಗೊಂಡು ಕೈದಿಗೂ ಮೂಲಭೂತ ಹಕ್ಕು ಇದೆ ಅಂತ ಬರೆದೋರು, ಎಲ್ಲಾ ಒಬ್ಬರೇ. ಬರೀ ಪುಸ್ತಕ ಓದಿ ಬೆಂಚಿಗೆ ಬಂದಿದ್ರೆ ಅಂಥ ತೀರ್ಪು ಬರ್ತಿತ್ತಾ? ನಂಗೆ ಅನ್ಸಲ್ಲ.

1959ರಲ್ಲಿ ಕೇಂದ್ರ ಆ ಸರ್ಕಾರನ ವಜಾ ಮಾಡ್ತು. 1965ರಲ್ಲಿ ಚುನಾವಣೆ ಸೋತು ಪೂರ್ತಿ ವಕೀಲಿಕೆಗೆ ವಾಪಸ್ ಬಂದ್ರು. 1968ರಲ್ಲಿ ಕೇರಳ ಹೈಕೋರ್ಟ್ ಜಡ್ಜ್, ಮಧ್ಯೆ ಲಾ ಕಮಿಷನ್, 1973ರ ಜುಲೈನಲ್ಲಿ ಸುಪ್ರೀಂ ಕೋರ್ಟ್. ನೀನು ಕೇಳಿದ ಪ್ರಶ್ನೆನೇ ಆಗಲೂ ಎದ್ದಿತ್ತು, ಸೋಲಿ ಸೊರಾಬ್ಜಿ ಸೇರಿ ಬಾಂಬೆಯ ಕೆಲವು ವಕೀಲರು ಬಹಿರಂಗವಾಗಿ ವಿರೋಧ ಮಾಡಿದ್ರು. ಆಮೇಲೆ ಅದೇ ಸೊರಾಬ್ಜಿ ಅವರನ್ನ ತುಂಬಾ ಮೆಚ್ಕೊಂಡ್ರು.

ನಂಬಿಕೆ ವಿಷಯಕ್ಕೆ 1975ರ ಜೂನ್ 24 ನೋಡು. ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿ ಚುನಾವಣೆ ರದ್ದು ಮಾಡಿತ್ತು, ಬೇಸಿಗೆ ರಜೆ, ವೆಕೇಶನ್ ಜಡ್ಜ್ ಅಯ್ಯರ್ ಒಬ್ಬರೇ. ಕಾನೂನು ಮಂತ್ರಿ ಗೋಖಲೆ ಫೋನ್ ಮಾಡಿ ಬಂದು ಭೇಟಿ ಆಗ್ತೀನಿ ಅಂದ್ರೆ, ಅರ್ಜಿ ಇದ್ರೆ ರಿಜಿಸ್ಟ್ರಿಗೆ ಕೊಡಿ ಅಂದ್ರಂತೆ, ಮುಂದೆ ಅಯ್ಯರ್ ಅವರೇ ಹೇಳ್ಕೊಂಡಿದ್ದಾರೆ. ಕೊಟ್ಟಿದ್ದು ಷರತ್ತಿನ ತಡೆಯಾಜ್ಞೆ. ಪ್ರಧಾನಿಯಾಗಿ ಇರಬಹುದು, ಸದನದಲ್ಲಿ ಮಾತಾಡಬಹುದು, ಆದ್ರೆ ಸಂಸದೆಯಾಗಿ ವೋಟು ಹಾಕೋ ಹಾಗಿಲ್ಲ. ಮಾರನೇ ರಾತ್ರಿನೇ ಎಮರ್ಜೆನ್ಸಿ.

ಯೂನಿಯನ್ ಕೆಲಸ ಮಾಡೋನು, ಬೆಂಗಳೂರು:
ನಮ್ಮ ಊರಿನ ಕೇಸು ಬಿಟ್ಬಿಟ್ರಲ್ಲ ಸಾರ್. ಬೆಂಗಳೂರು ಜಲಮಂಡಳಿ ಕೇಸು, 1978. ಮಂಡಳಿ ನೌಕರರಿಗೆ ದಂಡ ಹಾಕಿ ದುಡ್ಡು ವಸೂಲಿ ಮಾಡಿತ್ತು, ಅವ್ರು ಲೇಬರ್ ಕೋರ್ಟಿಗೆ ಹೋದ್ರೆ ನಾವು ಇಂಡಸ್ಟ್ರಿನೇ ಅಲ್ಲ, ಕಾರ್ಮಿಕ ವಿವಾದದ ಕಾನೂನು ನಮಗೆ ತಾಗಲ್ಲ ಅಂತ ಮಂಡಳಿ ವಾದ. ಏಳು ಜಡ್ಜ್‌ಗಳ ಬೆಂಚಲ್ಲಿ ಮುಖ್ಯ ತೀರ್ಪು ಬರೆದಿದ್ದು ಅಯ್ಯರ್. ವ್ಯವಸ್ಥಿತವಾಗಿ, ಮಾಲೀಕ-ಕೆಲಸಗಾರ ಸೇರಿ, ಜನಕ್ಕೆ ಬೇಕಾದ ಸರಕು ಇಲ್ಲಾ ಸೇವೆ ಕೊಡ್ತಿದ್ರೆ ಅದು ಇಂಡಸ್ಟ್ರಿ, ಲಾಭ ಇರಲಿ ಬಿಡಲಿ ಅಂದ್ರು. ಆಸ್ಪತ್ರೆ, ಕಾಲೇಜಿನ ನೌಕರರೂ ಅದರಿಂದಾನೇ ಲೇಬರ್ ಕೋರ್ಟ್ ಬಾಗಿಲು ತಟ್ಟೋ ಹಾಗಾಯ್ತು. ನಾವು ಇವತ್ತಿಗೂ ಆ ಹೆಸರನ್ನ ಮರ್ಯಾದೆಯಿಂದ ಹೇಳ್ತೀವಿ.

ರಿಟೈರ್ಡ್ ಮೇಷ್ಟ್ರು, ಧಾರವಾಡ:
ಅಯ್ಯರ್ ಅವರ ಬಗ್ಗೆ ಗೌರವ ಅದ, ಆದ್ರ ಎಲ್ಲಾರೂ ಹಂಗ ಇರೂದಿಲ್ರೀ. ಬಹರುಲ್ ಇಸ್ಲಾಂ ಅವರನ್ನ ನೋಡ್ರಿ. ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯರು, 1972ರಾಗ ಗೌಹಾತಿ ಹೈಕೋರ್ಟಿಗೆ ಬಂದ್ರು, 1980ರಾಗ ನಿವೃತ್ತಿ ಆದ ಮ್ಯಾಲೂ ಸುಪ್ರೀಂ ಕೋರ್ಟಿಗೆ ಕರಸ್ಕೊಂಡ್ರು. 1982ರ ಡಿಸೆಂಬರದಾಗ ಬಿಹಾರದ ಮುಖ್ಯಮಂತ್ರಿ ಜಗನ್ನಾಥ ಮಿಶ್ರಾ ಮ್ಯಾಲಿನ ಕೇಸು ವಾಪಸ್ ತಗೋಳೂದು ಸರಿ ಅಂತ ತೀರ್ಪು ಕೊಟ್ಟ ಬೆಂಚಿನಾಗ ಇದ್ರು, ಮುಂದಿನ ತಿಂಗಳನ ರಾಜೀನಾಮೆ, ಆಮ್ಯಾಲೆ ಮತ್ತ ಕಾಂಗ್ರೆಸ್ಸಿಂದ ರಾಜ್ಯಸಭಾ. ಬರೂ ಮುಂದ ಯಾವ ಪಕ್ಷ ಅನ್ನೂದಕ್ಕಿಂತ ಹೋಗೂ ಮುಂದ ಯಾವ ಪಕ್ಷ ಅನ್ನೂದು ನನಗ ಹೆಚ್ಚು ಚಿಂತಿ.

ನಮ್ಮ ಕೆ.ಎಸ್. ಹೆಗ್ಡೆಯವರೂ ಕಾಂಗ್ರೆಸ್ಸಿನ ರಾಜ್ಯಸಭಾ ಬಿಟ್ಟು 1957ರಾಗ ಮೈಸೂರು ಹೈಕೋರ್ಟ್ ಜಡ್ಜ್ ಆದವ್ರು. ಸಂವಿಧಾನ ತಿದ್ದೂದಕ್ಕ ಸಂಸತ್ತಿಗೆ ಎಷ್ಟು ಅಧಿಕಾರ ಅದ ಅನ್ನೂ ಕೇಶವಾನಂದ ಭಾರತಿ ಕೇಸಿನಾಗ ಅದ ಕಾಂಗ್ರೆಸ್ ಸರ್ಕಾರದ ವಿರುದ್ಧ ನಿಂತ್ರು. ಹಿರಿಯರಾಗಿದ್ದ ಅವರನ್ನ ದಾಟಿಸಿ ಎ.ಎನ್. ರೇ ಅವರನ್ನ ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಒಗದ್ರು. ಅದಾಗಿ ಮೂರು ತಿಂಗಳದೊಳಗನ ಅಯ್ಯರ್ ದಿಲ್ಲಿಗೆ ಬಂದದ್ದು. ಹಂಗಾಗಿ ಬಾಂಬೆ ವಕೀಲರ ಸಂಶಯ ಸುಮ್ಮಸುಮ್ಮನ ಹುಟ್ಟಿದ್ದಲ್ಲ.

ಲಾ ಸ್ಟೂಡೆಂಟ್, ಮೈಸೂರು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ಹೆಗ್ಡೆಯವರು ರಾಜ್ಯಸಭೆಯಿಂದ ಬಂದೋರು ಅಂತ ಗೊತ್ತೇ ಇರ್ಲಿಲ್ಲ. ಅಯ್ಯರ್ ಇಂಗ್ಲಿಷ್ ಕಷ್ಟ ಅಂತಾರೆ, ಮೊದಲು ಯಾವ ತೀರ್ಪು ಓದ್ಲಿ?

ವಕೀಲ, ಮಂಗಳೂರು:
ಮೇಷ್ಟ್ರು ಹೇಳಿದ್ದು ಒಪ್ತೇನೆ, ನಿವೃತ್ತಿ ಆದ ಕೂಡ್ಲೇ ಪಕ್ಷದ ಟಿಕೆಟ್ ತಗೊಳ್ಳೋದನ್ನ ಕಾನೂನಲ್ಲೇ ತಡೀಬೇಕು.

ಓದೋಕೆ ಮೋತಿರಾಮ್ ಕೇಸು ತಗೋ, 1978, ಚಿಕ್ಕದು. ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನಿಗೆ ಸುಪ್ರೀಂ ಕೋರ್ಟ್ ಜಾಮೀನು ಕೊಟ್ರೂ ಮ್ಯಾಜಿಸ್ಟ್ರೇಟ್ 10,000 ರೂಪಾಯಿಗೆ ಶ್ಯೂರಿಟಿ (ಹೊಣೆ ನಿಲ್ಲೋರು) ಕೇಳಿ, ಸಹೋದರ ಬಂದ್ರೆ ಅವನ ಆಸ್ತಿ ಬೇರೆ ಜಿಲ್ಲೆಲಿದೆ ಅಂತ ತೆಗೆದುಹಾಕಿದ್ರು. ಒಬ್ಬ ಮಲಯಾಳಿನೋ ಕನ್ನಡಿಗನೋ ಬಸ್ತಾರಲ್ಲೋ ಪೋರ್ಟ್ ಬ್ಲೇರಲ್ಲೋ ಸಿಕ್ಕಿಹಾಕ್ಕೊಂಡ್ರೆ ಅಲ್ಲೇ ಶ್ಯೂರಿಟಿ ಎಲ್ಲಿಂದ ತರ್ತಾನೆ ಅಂತ ಅಯ್ಯರ್ ನೇರವಾಗಿ ಕೇಳ್ತಾರೆ. ಕೊನೆಗೆ 1,000 ರೂಪಾಯಿಯ ಸ್ವಂತ ಬಾಂಡ್ ಮೇಲೆ ಬಿಡಿಸಿದ್ರು. ಡಿಕ್ಷನರಿ ಪಕ್ಕದಲ್ಲಿ ಇಟ್ಕೊಂಡು ಓದು, ಅರ್ಥ ಆಗದ ಪ್ಯಾರಾ ಇಲ್ಲೇ ಹಾಕು, ಬಿಡಿಸಿ ಹೇಳ್ತೇನೆ.