7812 ಇದ್ದರೂ ಆಂಪ್ಲಿಫೈಯರ್‌ನಲ್ಲಿ ಗುಂಯ್‌ಗುಡುವ ಸದ್ದು: ಡ್ರಾಪೌಟ್ ವೋಲ್ಟೇಜ್ ಕಾರಣವೇ?

ಪ್ರಶ್ನೆ:
ನಮಸ್ಕಾರ. ಚಿಕ್ಕದೊಂದು ಆಡಿಯೊ ಆಂಪ್ಲಿಫೈಯರ್‌ಗಾಗಿ 12 ವೋಲ್ಟ್ ಎಸಿ ಟ್ರಾನ್ಸ್‌ಫಾರ್ಮರ್, ಬ್ರಿಜ್ ರೆಕ್ಟಿಫೈಯರ್, 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಮತ್ತು 7812 (12 ವೋಲ್ಟ್ ಕೊಡುವ ರೆಗ್ಯುಲೇಟರ್ ಐಸಿ) ಬಳಸಿ ಪವರ್ ಸಪ್ಲೈ ಕಟ್ಟಿದ್ದೇನೆ. ಸದ್ದು ಕಡಿಮೆ ಇಟ್ಟಾಗ ಎಲ್ಲವೂ ಸರಿಯಾಗಿರುತ್ತದೆ. ಹೆಚ್ಚಿಸಿ ಕರೆಂಟ್ 300 ಮಿಲಿಆಂಪಿಯರ್ ಆಸುಪಾಸಿಗೆ ಬಂದೊಡನೆ ಸ್ಪೀಕರ್‌ನಲ್ಲಿ ಗುಂಯ್ ಎನ್ನುವ ಸದ್ದು ಸೇರಿಕೊಳ್ಳುತ್ತದೆ. ಆಗ ರೆಗ್ಯುಲೇಟರ್‌ನ ಇನ್‌ಪುಟ್‌ನಲ್ಲಿ 14.0 ವೋಲ್ಟ್, ಔಟ್‌ಪುಟ್‌ನಲ್ಲಿ 11.8 ವೋಲ್ಟ್ ಕಾಣುತ್ತದೆ. 7812ರ ಡ್ರಾಪೌಟ್, ಅಂದರೆ ಇನ್‌ಪುಟ್ ಔಟ್‌ಪುಟ್‌ಗಿಂತ ಕನಿಷ್ಠ ಎಷ್ಟು ಹೆಚ್ಚಿರಬೇಕೋ ಆ ಅಂತರ, 2 ವೋಲ್ಟ್ ಎಂದು ಡೇಟಾಶೀಟ್ ಹೇಳುತ್ತದೆ. ಅಷ್ಟು ಅಂತರ ಇದ್ದೇ ಇದೆಯಲ್ಲ? ಐಸಿ ಕೆಟ್ಟಿರಬಹುದೆಂದು ಬದಲಾಯಿಸಿ ನೋಡಿದರೂ ವ್ಯತ್ಯಾಸವಾಗಲಿಲ್ಲ.

ಉತ್ತರ 1:
ಐಸಿಯಲ್ಲಿ ದೋಷವಿರಲಾರದು. ಮಲ್ಟಿಮೀಟರ್ ಡಿಸಿ ವ್ಯಾಪ್ತಿಯಲ್ಲಿ ತೋರಿಸುವುದು ಸರಾಸರಿಯನ್ನು. ರೆಗ್ಯುಲೇಟರ್‌ಗೆ ಬೇಕಾಗಿರುವುದು ಇನ್‌ಪುಟ್ ಅತಿ ಕೆಳಗಿಳಿಯುವ ಕ್ಷಣದಲ್ಲೂ ಸಾಕಾಗುವಷ್ಟು ವೋಲ್ಟೇಜ್. ನಿಮ್ಮ ಟ್ರಾನ್ಸ್‌ಫಾರ್ಮರ್‌ನ ಶಿಖರ ಸುಮಾರು 17 ವೋಲ್ಟ್. ಬ್ರಿಜ್‌ನ ಎರಡು ಡಯೋಡ್‌ಗಳು 1.8ರಷ್ಟನ್ನು ತಿಂದರೆ ಕೆಪಾಸಿಟರ್‌ಗೆ 15.2 ಸಿಗುತ್ತದೆ. 50 ಹರ್ಟ್ಸ್ ಪೂರೈಕೆಯಲ್ಲಿ ಒಂದು ಶಿಖರದಿಂದ ಮುಂದಿನದಕ್ಕೆ 10 ಮಿಲಿಸೆಕೆಂಡ್ ಅಂತರವಿದ್ದು, ಅದರಲ್ಲಿ ಸುಮಾರು 8 ಮಿಲಿಸೆಕೆಂಡ್ ಕಾಲ ಇಡೀ ಲೋಡನ್ನು ಕೆಪಾಸಿಟರ್ ಒಂದೇ ಹೊರುತ್ತದೆ. 0.3 ಆಂಪಿಯರನ್ನು 0.008 ಸೆಕೆಂಡಿನಿಂದ ಗುಣಿಸಿ 1000 ಮೈಕ್ರೋಫ್ಯಾರಡ್‌ನಿಂದ ಭಾಗಿಸಿದರೆ 2.4 ವೋಲ್ಟ್ ಇಳಿತ. ಅಂದರೆ ಇನ್‌ಪುಟ್ 15.2ರಿಂದ 12.8ರವರೆಗೆ ಜಾರಿ ಮತ್ತೆ ಏರುತ್ತದೆ. ಅದರ ಸರಾಸರಿಯೇ ನೀವು ಕಂಡ 14.

ಮೀಟರನ್ನು ಎಸಿ ವ್ಯಾಪ್ತಿಗೆ ತಿರುಗಿಸಿ ಅದೇ ಇನ್‌ಪುಟ್‌ನಲ್ಲಿ ಅಳೆಯಿರಿ. ಡಿಸಿಯನ್ನು ತಡೆಯದ ಮೀಟರ್ ಆದರೆ ಸರಣಿಯಲ್ಲಿ ಒಂದು ಕೆಪಾಸಿಟರ್ ಹಾಕಬೇಕು. ಬಂದ ಸಂಖ್ಯೆಯನ್ನು ಮೂರೂವರೆಯಿಂದ ಗುಣಿಸಿದರೆ ಏರಿಳಿತದ ಒಟ್ಟು ಎತ್ತರ ಸಿಗುತ್ತದೆ. ಅದರ ಅರ್ಧವನ್ನು ಡಿಸಿ ಓದಿನಿಂದ ಕಳೆಯಿರಿ. ಆಸಿಲೋಸ್ಕೋಪ್ ಇಲ್ಲದವರಿಗೆ ಇಷ್ಟು ಧಾರಾಳ ಸಾಕು.

ಪ್ರಶ್ನೆ ಕೇಳಿದವರು:
ಎಸಿಯಲ್ಲಿ 0.68 ಬಂತು. ಲೆಕ್ಕ ಹಾಕಿದರೆ ತಳ 12.8 ಎಂದೇ ಆಗುತ್ತದೆ. ಔಟ್‌ಪುಟ್‌ನಲ್ಲೂ ಎಸಿ 0.3 ವೋಲ್ಟ್ ತೋರಿಸುತ್ತಿದೆ. ಆದರೆ ಡ್ರಾಪೌಟ್ ಆದಾಗ ಔಟ್‌ಪುಟ್ ಸ್ವಲ್ಪ ಕಡಿಮೆಯಾಗಬೇಕೇ ಹೊರತು ಸದ್ದು ಏಕೆ ಬರಬೇಕು?

ಉತ್ತರ 1:
ರೆಗ್ಯುಲೇಟರ್‌ನ ಒಳಗೆ ಔಟ್‌ಪುಟ್ಟನ್ನು ಸದಾ ಗಮನಿಸುತ್ತ ಪಾಸ್ ಟ್ರಾನ್ಸಿಸ್ಟರನ್ನು (ಲೋಡ್‌ನ ಕರೆಂಟ್ ಹಾದುಹೋಗುವ ಟ್ರಾನ್ಸಿಸ್ಟರ್) ಹೆಚ್ಚು ಅಥವಾ ಕಡಿಮೆ ತೆರೆಯುವ ಸರ್ಕ್ಯೂಟ್ ಒಂದಿದೆ. ಇನ್‌ಪುಟ್ ತೀರ ಕೆಳಗಿಳಿದಾಗ ಟ್ರಾನ್ಸಿಸ್ಟರ್ ಪೂರ್ತಿ ತೆರೆದುಕೊಂಡಿರುತ್ತದೆ. ಇನ್ನು ತೆರೆಯಲು ಏನೂ ಉಳಿದಿರುವುದಿಲ್ಲ. ಆ ಹೊತ್ತಿನಲ್ಲಿ ಔಟ್‌ಪುಟ್ ಇನ್‌ಪುಟ್ಟಿನ ಬೆನ್ನಿಗೇ ಇಳಿಯುತ್ತದೆ, ಅಂದರೆ ಏರಿಳಿತವನ್ನು ತಡೆಯುವ ಶಕ್ತಿಯೇ ಆ ಕೆಲವು ಮಿಲಿಸೆಕೆಂಡುಗಳಲ್ಲಿ ಇಲ್ಲವಾಗುತ್ತದೆ. ಇದು ಸೆಕೆಂಡಿಗೆ 100 ಸಲ ನಡೆಯುವುದರಿಂದ ನಿಮಗೆ 100 ಹರ್ಟ್ಸ್ ಗುಂಯ್‌ಗುಟ್ಟುವಿಕೆ ಕೇಳಿಸುತ್ತದೆ.

ಇನ್ನು 2 ವೋಲ್ಟ್ ಎಂಬ ಅಂಕಿ 1 ಆಂಪಿಯರ್‌ಗೆ, 25 ಡಿಗ್ರಿ ಸೆಲ್ಸಿಯಸ್‌ಗೆ ಕೊಟ್ಟಿರುವ ಸಾಮಾನ್ಯ ಮೌಲ್ಯ, ಖಾತರಿಯಲ್ಲ. 300 ಮಿಲಿಆಂಪಿಯರ್‌ನಲ್ಲಿ ತುಸು ಕಡಿಮೆ ಸಾಕಾಗಬಹುದಾದರೂ, 7812ರಲ್ಲಿ ಡಾರ್ಲಿಂಗ್ಟನ್ ಜೋಡಣೆಯ (ಒಂದು ಟ್ರಾನ್ಸಿಸ್ಟರ್ ಇನ್ನೊಂದನ್ನು ನಡೆಸುವ ಜೋಡಿ) ಎರಡು ಬೇಸ್-ಎಮಿಟರ್ ಇಳಿತಗಳು ತಪ್ಪುವುದಿಲ್ಲವಾದ್ದರಿಂದ ಅದು ಸೊನ್ನೆಯತ್ತ ಜಾರುವುದೂ ಇಲ್ಲ.

ಮೊದಲು ಕೆಪಾಸಿಟರನ್ನು 4700 ಮೈಕ್ರೋಫ್ಯಾರಡ್‌ಗೆ ಏರಿಸಿ. ಲೋಡ್ ಇಲ್ಲದಾಗ ಸಣ್ಣ ಟ್ರಾನ್ಸ್‌ಫಾರ್ಮರ್‌ಗಳ ವೋಲ್ಟೇಜ್ ಸಾಕಷ್ಟು ಮೇಲೇರುವುದರಿಂದ 35 ವೋಲ್ಟ್‌ನದನ್ನೇ ಆರಿಸಿಕೊಳ್ಳಿ.

ಉತ್ತರ 2:
ಇವರು ಹೇಳಿದ್ದು ಸರಿ, ಆದರೆ ಕೆಪಾಸಿಟರ್ ಒಂದನ್ನೇ ನಂಬುವುದು ನನಗೆ ಒಪ್ಪಿಗೆಯಿಲ್ಲ. ಮನೆಯ ವಿದ್ಯುತ್ ಶೇಕಡ 10ರಷ್ಟು ಇಳಿದರೆ ಶಿಖರ 15.3ಕ್ಕೆ, ಡಯೋಡ್‌ಗಳ ನಂತರ 13.5ಕ್ಕೆ ಬರುತ್ತದೆ, 4700 ಹಾಕಿದರೂ ತಳ 13ರ ಸುತ್ತ ಇರುವುದರಿಂದ ಸದ್ದು ಮರಳಿ ಬರುತ್ತದೆ. 15 ವೋಲ್ಟ್ ಟ್ರಾನ್ಸ್‌ಫಾರ್ಮರ್ ಹಾಕಬಹುದು, ಆದರೆ ಆಗ ಐಸಿಯ ಮೇಲೆ 6 ವೋಲ್ಟ್ ಬಿದ್ದು ಸುಮಾರು 1.8 ವ್ಯಾಟ್ ಶಾಖವಾಗುತ್ತದೆ. ಹೀಟ್‌ಸಿಂಕ್ ಬೇಕೇ ಬೇಕು. ನಾನಾದರೆ ದೊಡ್ಡ ಕೆಪಾಸಿಟರ್ ಜೊತೆಗೆ ಎಲ್‌ಎಂ2940 ಎಂಬ ಕಡಿಮೆ ಡ್ರಾಪೌಟ್‌ನ ರೆಗ್ಯುಲೇಟರ್‌ನ 12 ವೋಲ್ಟ್ ಮಾದರಿಯನ್ನು ಹಾಕುತ್ತೇನೆ. ಅದರಲ್ಲಿ ಪಿಎನ್‌ಪಿ ಪಾಸ್ ಟ್ರಾನ್ಸಿಸ್ಟರ್ ಇರುವುದರಿಂದ 1 ಆಂಪಿಯರ್‌ನಲ್ಲೂ ಡ್ರಾಪೌಟ್ ಅರ್ಧ ವೋಲ್ಟಿನಷ್ಟೇ, ಕಾಲುಗಳ ಕ್ರಮವೂ 7812ರದ್ದೇ.

ಹಾಗೆಂದು ಸುಮ್ಮನೆ ಕಿತ್ತು ಇನ್ನೊಂದನ್ನು ಕೂರಿಸಿದರೆ ಆಗುವುದಿಲ್ಲ. ಇದರ ಔಟ್‌ಪುಟ್‌ನಲ್ಲಿ ಕನಿಷ್ಠ 22 ಮೈಕ್ರೋಫ್ಯಾರಡ್ ಬೇಕು, ಅದೂ ಒಳರೋಧ ತೀರ ಕಡಿಮೆಯಲ್ಲದ ಎಲೆಕ್ಟ್ರೊಲೈಟಿಕ್ ಅಥವಾ ಟ್ಯಾಂಟಲಮ್ ಆಗಿರಬೇಕು. ಸಿರಾಮಿಕ್ ಒಂದನ್ನೇ ಇಟ್ಟರೆ ರೆಗ್ಯುಲೇಟರ್ ತಾನೇ ಆಂದೋಲನಕ್ಕಿಳಿಯಬಹುದು.

ಪ್ರಶ್ನೆ ಕೇಳಿದವರು:
ಕೈಯಲ್ಲಿದ್ದ 4700ನ್ನು ಈಗ ಹಾಕಿ ನೋಡಿದೆ. ಅದೇ ಲೋಡ್‌ಗೆ ಇನ್‌ಪುಟ್ 14.8, ಎಸಿ 0.16, ಔಟ್‌ಪುಟ್ 12.0ಕ್ಕೆ ಬಂದಿದೆ, ಸದ್ದು ಹೋಗಿದೆ. ಎಲ್‌ಎಂ2940 ತರಿಸುತ್ತೇನೆ. ಔಟ್‌ಪುಟ್‌ನಲ್ಲಿ ಈಗಿರುವ 0.1 ಮೈಕ್ರೋಫ್ಯಾರಡ್ ಸಿರಾಮಿಕನ್ನು ತೆಗೆಯಬೇಕೇ?

ಉತ್ತರ 2:
ಬೇಕಿಲ್ಲ. 22 ಅಥವಾ 47 ಮೈಕ್ರೋಫ್ಯಾರಡ್ ಎಲೆಕ್ಟ್ರೊಲೈಟಿಕನ್ನು ಐಸಿಯ ಕಾಲುಗಳಿಗೆ ಆದಷ್ಟು ಹತ್ತಿರ ಬೆಸುಗೆ ಹಾಕಿ. ಸಿರಾಮಿಕ್ ಆಂಪ್ಲಿಫೈಯರ್ ಬೋರ್ಡಿನ ಕಡೆ ಇರಲಿ.