ಗುಹೆಯ ಛಾವಣಿಯಲ್ಲಿ ನೇತಾಡುವ ಬಿಳಿ ಚೀಲ: ಮೆಟಾ ಮೆನಾರ್ಡಿಯದೇ?

ಪ್ರಶ್ನೆ: ಜರ್ಮನಿಯ ಸ್ವೇಬಿಯನ್ ಆಲ್ಬ್‌ನ ಸುಣ್ಣಕಲ್ಲಿನ ಗುಹೆ. ಬಾಯಿಂದ ಹತ್ತು ಮೀಟರ್ ಒಳಗೆ ಛಾವಣಿಯಿಂದ ಸಣ್ಣ ಎಳೆಯಲ್ಲಿ ಹನಿಯಾಕಾರದ ಬಿಳಿ ಚೀಲ ತೂಗುತ್ತಿದೆ, ಉದ್ದ ಎರಡೂವರೆ ಸೆಂ.ಮೀ. ಪಕ್ಕದಲ್ಲೇ ಕೆಂಗಂದು ಬಣ್ಣದ ಹೊಳೆಯುವ ದೊಡ್ಡ ಜೇಡ. ಬಲೆ ಹರಿದಂತಿದೆ. ಇದನ್ನು ಮೆಟಾ ಮೆನಾರ್ಡಿ ಎಂಬ ಗುಹೆಜೇಡ ಎನ್ನಬಹುದೇ? ತೊಂದರೆ ಕೊಡದೆ ದಾಖಲಿಸುವುದು ಹೇಗೆ?

ಉತ್ತರ 1: ಚೀಲ ಮೆಟಾ ಕುಲದ್ದೇ, ಅನುಮಾನ ಬೇಡ. ಒಳಗೆ 200–300 ಮೊಟ್ಟೆ ಇರುತ್ತವೆ. ಆದರೆ ಅದೇ ಕುಲದ ಇನ್ನೊಂದು ಜೇಡ ಮೆಟಾ ಬೂರ್ನೆಟಿಯೂ ನೋಡಲು ಹೆಚ್ಚುಕಡಿಮೆ ಹೀಗೇ. ಕಾಲಿನ ಪಟ್ಟೆ ಸ್ಪಷ್ಟವಾಗಿದ್ದರೆ ಮೆನಾರ್ಡಿಯತ್ತ ವಾಲಬಹುದು, ಅಷ್ಟೇ. ಖಚಿತವಾಗಬೇಕಾದರೆ ಬೆಳೆದ ಜೇಡದ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲೇ ನೋಡಬೇಕು. ಬರೀ ಫೋಟೊ ಇದ್ದರೆ ‘ಮೆಟಾ ಕುಲ’ ಎಂದು ಬರೆದು ನಿಲ್ಲಿಸಿ. ಗುಹೆಬಾಯಿಯ ಹತ್ತಿರ ಸಿಗುವ ಮೆಟೆಲಿನಾ ಮೆರಿಯಾನೆ ಎಂಬ ಜೇಡ ಇದಕ್ಕಿಂತ ತೀರಾ ಚಿಕ್ಕದು. ಮೆನಾರ್ಡಿ ಹೆಣ್ಣಿನ ಮೈಯೇ 15 ಮಿ.ಮೀ. ತನಕ ಬೆಳೆಯುತ್ತದೆ.

ಉತ್ತರ 2: ಬಲೆ ಹರಿದಿಲ್ಲ, ಹೆಣಿಗೆಯೇ ಹಾಗೆ. ಸುರುಳಿ ಸುತ್ತು ಕಡಿಮೆ, ನಡುವೆ ತೆರಪು. ಗುಹೆಯಲ್ಲಿ ಹಾರುವ ಹುಳು ಅಪರೂಪ. ಸಹಸ್ರಪದಿ, ಚಿಪ್ಪಿಲ್ಲದ ಬಸವನಹುಳ ಗೋಡೆ ಮೇಲೆ ತೆವಳುತ್ತವೆ. ಬಲೆಯ ಚೌಕಟ್ಟಿನ ಎಳೆ ಗೋಡೆಗೆ ತಾಗಿರುವುದರಿಂದ ಅದರ ಅಲುಗಾಟ ಜೇಡಕ್ಕೆ ಗೊತ್ತಾಗುತ್ತದೆ. ಆಗ ಅದು ಬಲೆ ಬಿಟ್ಟು ಗೋಡೆಗೇ ಇಳಿದು ಹಿಡಿಯುತ್ತದೆ. ಹಾಗಾಗಿ ಗೋಡೆಗೆ ಒರಗಬೇಡಿ. ನೀವು ನೋಡದೇ ಕಡಿದ ಒಂದು ಎಳೆ ಅದರ ಊಟದ ದಾರಿ.

ಉತ್ತರ 3: ಫೋಟೊಗೆ: ಫ್ಲ್ಯಾಶ್ ಎದುರಿಂದ ಬೇಡ. ಬಿಳಿ ರೇಷ್ಮೆ ಪೂರ್ತಿ ಬೆಳ್ಳಗಾಗಿ ಒಳಗಿನ ಮೊಟ್ಟೆಗಳ ಗುಂಡು ನೆರಳು ಕಾಣುವುದಿಲ್ಲ. ಬೆಳಕನ್ನು ಪಕ್ಕದಿಂದ, ತುಸು ಹಿಂದಿನಿಂದ ಕೊಟ್ಟು ಎಕ್ಸ್‌ಪೋಶರ್ ಒಂದು ಸ್ಟಾಪ್ (ಅಂದರೆ ಬೆಳಕು ಅರ್ಧಕ್ಕೆ) ಇಳಿಸಿ, ಎಳೆಗಳೂ ಮಿನುಗುತ್ತವೆ. ಅಳತೆಪಟ್ಟಿಯನ್ನು ಚೀಲದಷ್ಟೇ ದೂರದಲ್ಲಿ, ತಾಗಿಸದೆ ಹಿಡಿಯಿರಿ. ಮುಂದೆ ಹಿಡಿದರೆ ಚೀಲ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಬಾಯಿಂದ ದೂರ, ಉಷ್ಣಾಂಶ, ತೇವಾಂಶ, ಜೇಡ ಮತ್ತು ಚೀಲಗಳ ಎಣಿಕೆ ಬರೆದುಕೊಳ್ಳಿ. ಚೀಲವನ್ನು ಮಾತ್ರ ದಯವಿಟ್ಟು ಕೀಳಬೇಡಿ.

ಪ್ರಶ್ನೆ ಕೇಳಿದವರು: ಮರಿಗಳನ್ನು ನೋಡಲು ಜನವರಿಯಲ್ಲಿ ಹೋಗಬಹುದೇ?

ಉತ್ತರ 1: ಬೇಡ. ಬಾವಲಿಗಳು ಚಳಿನಿದ್ದೆ ಮಾಡುವ ಗುಹೆಗಳಿಗೆ ಜರ್ಮನಿಯಲ್ಲಿ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಕಾನೂನಿನ ಪ್ರಕಾರವೇ ಪ್ರವೇಶವಿಲ್ಲ. ಮರಿಗಳು ಹೇಗೂ ಚಳಿಗಾಲವನ್ನು ಚೀಲದೊಳಗೇ ಕಳೆಯುತ್ತವೆ. ವಸಂತದಲ್ಲಿ ಗುಹೆಬಾಯಿಯ ಹತ್ತಿರ ಹುಡುಕಿ: ಬೆಳೆದವು ಬೆಳಕು ಕಂಡರೆ ಸಂದಿಗೆ ಸರಿಯುತ್ತವೆ, ಮರಿಗಳು ಬೆಳಕಿನತ್ತಲೇ ಹೊರಟು ಎಳೆಯ ಜೊತೆ ಗಾಳಿಗೆ ತೇಲಿ ಚದುರುತ್ತವೆ.