ಮಗಳಿಗೆ ಹುಟ್ಟಿದ ದೇಶ ತೋರಿಸಬೇಕು, ಹೋಗಿ ಬಂದವರು ಹೇಳ್ತೀರಾ?

ನಮ್ಮ ಮಗಳಿಗೆ ಹತ್ತು ವರ್ಷ. ಚೀನಾದಲ್ಲಿ ಹುಟ್ಟಿದವಳು, ಪುಟ್ಟ ಮಗುವಾಗಿದ್ದಾಗ ದತ್ತು ತೆಗೆದುಕೊಂಡೆವು. ಈಚೆಗೆ "ನಾನಿದ್ದ ಜಾಗ ನೋಡಬೇಕು" ಅಂತಾಳೆ. ಈಗಲೇ ಕರೆದುಕೊಂಡು ಹೋಗಬಹುದಾ? ಅನಾಥಾಶ್ರಮಕ್ಕೂ ಹೋಗಬೇಕಾ?

*

ನಮ್ಮವಳೂ ಅಲ್ಲಿಯವಳೇ. ಧಾರಾಳವಾಗಿ ಹೋಗಿ. ಆದರೆ ಅವಳು ಎಷ್ಟು ಕೇಳಿದ್ದಾಳೋ ಅಷ್ಟಕ್ಕೇ ಹೋಗಿ. ಜಾಗ ನೋಡುವ ಆಸೆ ಬೇರೆ, ಹೆತ್ತವರನ್ನು ಹುಡುಕುವ ಆಸೆ ಬೇರೆ. ಎರಡನ್ನೂ ಒಂದೇ ಪ್ರವಾಸಕ್ಕೆ ಗಂಟು ಹಾಕಬೇಡಿ.

ಚೀನಾ ಎರಡು ದೇಶದ ಪೌರತ್ವ ಒಪ್ಪುವುದಿಲ್ಲ. ದತ್ತು ಬಂದಾಗಿನ ಹಳೇ ಚೀನೀ ಪಾಸ್‌ಪೋರ್ಟ್ ಜೋಪಾನವಾಗಿದೆ ತಾನೆ? ವೀಸಾಗೆ ಅದನ್ನು ಕೇಳುವುದುಂಟು. 2024ರಲ್ಲಿ ಹತ್ತಿರದ ಸಂಬಂಧಿಕರನ್ನು ಬಿಟ್ಟು ಉಳಿದವರಿಗೆ ವಿದೇಶಿ ದತ್ತು ನಿಲ್ಲಿಸಿದರಲ್ಲ, ಆಶ್ರಮದ ಬಾಗಿಲು ಸುಮ್ನೆ ಹೋಗಿ ತಟ್ಟಿದರೆ ತೆರೆಯುವುದಿಲ್ಲ. ಮೊದಲೇ ಬರೆದು ಅನುಮತಿ ಪಡೆಯಿರಿ. ಅದು ಕೈಗೆ ಬರುವವರೆಗೆ ಮಗಳಿಗೆ ಮಾತು ಕೊಡಬೇಡಿ.

ಎಷ್ಟೋ ಆಶ್ರಮಗಳು ಹಳೇ ಕಟ್ಟಡ ಬಿಟ್ಟಿವೆ. ನಮಗೂ ಸಿಕ್ಕಿದ್ದು ಹೊಸ ಕಟ್ಟಡವೇ. ಆದರೆ ಕಡತ ಇತ್ತು. ಅದರಲ್ಲಿ ಅಂಟಿಸಿದ್ದ ಪುಟ್ಟ ಫೋಟೋ ಮೇಲೆ ಮಗಳು ಬೆರಳಿಟ್ಟು, "ಈ ಹಳದಿ ಅಂಗಿ ಈಗ ಎಲ್ಲಿದೆ?" ಅಂತ ಕೇಳಿದಳು. ಅಲ್ಲಿನ ಆಯಾ ನಕ್ಕರು. ಫೋಟೋ ತೆಗೆಯುವಾಗ ಎಲ್ಲ ಮಕ್ಕಳಿಗೂ ಅದೇ ಅಂಗಿ ಹಾಕುತ್ತಿದ್ದರಂತೆ! ಮಗಳೂ ಬಿದ್ದು ಬಿದ್ದು ನಕ್ಕಳು. ಅತ್ತಿದ್ದು ನಾನೊಬ್ಬಳೇ.

*

ನನ್ನ ಮಗ ಇಥಿಯೋಪಿಯದವನು. 2018ರಲ್ಲಿ ಅಲ್ಲಿ ವಿದೇಶಿ ದತ್ತು ನಿಷೇಧವಾಯಿತು, ಅದಕ್ಕೂ ಮೊದಲು ಬಂದವನು. ಅಡಿಸ್ ಅಬಾಬ 2,300 ಮೀಟರ್ ಎತ್ತರದಲ್ಲಿದೆ. ಬಂದಿಳಿದ ತಕ್ಷಣ ಭಾರವಾದ ಕಾರ್ಯಕ್ರಮ ಯಾವುದೂ ಬೇಡ, ತಲೆನೋವೇ ಸಾಕಾಗುತ್ತದೆ.

ನಮಗೆ ಕಷ್ಟವಾಗಿದ್ದು ಬೀದಿಯಲ್ಲಿ. ಕಂಡವರೆಲ್ಲ ಅವನ ಜೊತೆ ಅಮ್ಹಾರಿಕ್‌ನಲ್ಲೇ ಮಾತು ಶುರು ಮಾಡುತ್ತಿದ್ದರು. ಅವನಿಗೆ ಒಂದಕ್ಷರ ಬಾರದು. ಊರವರ ಹಾಗೇ ಕಾಣುತ್ತಾನೆ, ಬಾಯಿ ಬಿಟ್ಟರೆ ಹೊರಗಿನವನು. ಇದನ್ನು ಮಗಳಿಗೆ ಮೊದಲೇ ಹೇಳಿಡಿ. "ನನಗೆ ಈ ಭಾಷೆ ಬರುವುದಿಲ್ಲ, ಆದರೆ ಹುಟ್ಟಿದ್ದು ಇಲ್ಲೇ" ಅನ್ನುವಷ್ಟನ್ನಾದರೂ ಆ ಭಾಷೆಯಲ್ಲೇ ಕಲಿಸಿ.

ಹೆತ್ತ ಮನೆಯವರು ಸಿಕ್ಕರೆ ದುಡ್ಡಿನ ವಿಷಯ ಬರಬಹುದು. ಮಗುವಿನ ಎದುರು ಬೇಡ. ಮಗುವನ್ನೇ ದುಭಾಷಿ ಮಾಡುವುದಂತೂ ಬೇಡವೇ ಬೇಡ. ನೀವೇ ಗೊತ್ತು ಮಾಡಿಕೊಂಡವರು ಜೊತೆಗಿರಲಿ.

*

ನಾನು ದತ್ತು ಹೋದ ಮಗುವೇ, ಭಾರತದಿಂದ. ಹಾಗಾಗಿ ಆ ಕಡೆಯಿಂದ ಎರಡು ಮಾತು.

ಚಿಕ್ಕವಳಿದ್ದಾಗ ಅಪ್ಪ ಅಮ್ಮ ಬರೀ ಊರು ಸುತ್ತಿಸಿದರು. ರೈಲು, ಸಮುದ್ರ, ಮ್ಯೂಸಿಯಂ. ಅದೇ ಒಳ್ಳೆಯದಾಯಿತು. ಆ ದೇಶ ಅಂದರೆ ಒಂದು ಆಶ್ರಮ, ಒಂದು ದುಃಖದ ಕಥೆ ಅಷ್ಟೇ ಅಂತ ನನಗೆ ಅನಿಸಲಿಲ್ಲ. ದಾಖಲೆ ಹುಡುಕಿದ್ದು ದೊಡ್ಡವಳಾದ ಮೇಲೆ. ಭಾರತದ ದತ್ತು ನಿಯಮದಲ್ಲಿ 18 ತುಂಬಿದವರು ತಾವೇ ಮೂಲ ಹುಡುಕಲು ಅರ್ಜಿ ಹಾಕಬಹುದು. ಚಿಕ್ಕವರಾದರೆ ದತ್ತು ತಂದೆತಾಯಿ ಜೊತೆಗಿರಬೇಕು. ಮೂರನೆಯವರಿಗೆ ಅವಕಾಶವಿಲ್ಲ. ಹುಡುಕಿ ಕೊಡುತ್ತೇವೆ ಅಂತ ದುಡ್ಡು ಕೇಳುವವರ ಹತ್ತಿರ ಹುಷಾರು.

ಆಶ್ರಮದೊಳಗೆ ದಯವಿಟ್ಟು ವೀಡಿಯೊ ಮಾಡಬೇಡಿ. ನನಗೆ ನೆನಪಿರುವುದು ಒಂದೇ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು, ಯಾವಾಗ ಅಳುತ್ತಾಳೋ ಅಂತ. ಅಳುವೇ ಬರಲಿಲ್ಲ, ಬಂದಿದ್ದು ಸಿಟ್ಟು. ಮಗಳ ಜೊತೆ ಒಂದು ಗುಟ್ಟಿನ ಸನ್ನೆ ಮಾಡಿಕೊಳ್ಳಿ. ಅವಳು ಕೈ ಹಿಂಡಿದರೆ ಹೊರಡೋದು, ಕಾರಣ ಕೇಳೋ ಹಾಗಿಲ್ಲ.

ಬಂದ ಮರುದಿನವೇ ಶಾಲೆಗೆ ಅಟ್ಟಬೇಡಿ. "ಹೇಗಿತ್ತು?" ಅಂತ ಕೆದಕಲೂ ಬೇಡಿ. ತಿಂಗಳುಗಟ್ಟಲೆ ಆದ ಮೇಲೆ, ಹಲ್ಲುಜ್ಜುವಾಗಲೋ ಕಾರಲ್ಲೋ ತಾನಾಗೇ ಕೇಳುತ್ತಾಳೆ.

*

ವಯಸ್ಸಿನ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ? ನನ್ನ ಪ್ರಕಾರ ಹತ್ತು ಒಳ್ಳೆ ವಯಸ್ಸೇ. ಹದಿನಾಲ್ಕಾದ ಮೇಲೆ ನಮ್ಮ ಜೊತೆ ಪಕ್ಕದ ಬೀದಿಗೆ ಬಂದರೂ ದೊಡ್ಡದು.